ಶನಿವಾರದ ಬಲೆ

 

ಸಹೋದರರೇ, ಸಮುದ್ರದ ಬೇಟೆ ಹಲಾಲ್ ಎಂದು ಅಲ್ ಮಾಇದಾ ಅಧ್ಯಾಯ ತಿಳಿಸುತ್ತದೆ. ಮೀನಿಗೆ ಝಬಹ್ ಕೂಡಾ ಬೇಕಿಲ್ಲ. ಇಷ್ಟು ಸುಲಭವಾಗಿ ಸಿಕ್ಕಿದ್ದರಿಂದಲೋ ಏನೋ, ಮೀನಿನ ವಿಷಯದಲ್ಲಿ ನಾವು ಏನನ್ನೂ ವಿಚಾರಿಸುವುದಿಲ್ಲ.

ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಕಡಲತೀರದ ಒಂದು ಊರಿನ ವೃತ್ತಾಂತವಿದೆ. ಬನೀ ಇಸ್ರಾಈಲರಿಗೆ ಶನಿವಾರ ಮೀನು ಹಿಡಿಯಬಾರದೆಂಬ ಆಜ್ಞೆಯಿತ್ತು. ಪರೀಕ್ಷೆಯೇನೆಂದರೆ, ಅದೇ ದಿನ ಮೀನುಗಳು ನೀರ ಮೇಲೆ ಕಾಣಿಸುತ್ತಿದ್ದವು, ಉಳಿದ ದಿನ ಸುಳಿವಿಲ್ಲ. ಅವರು ಶುಕ್ರವಾರವೇ ಬಲೆ ಹಾಕಿಟ್ಟು ಭಾನುವಾರ ಎತ್ತುತ್ತಿದ್ದರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಶನಿವಾರ ಕೈ ಹಾಕಲಿಲ್ಲವಲ್ಲ ಎಂಬ ವಾದ! ತಡೆಯಲು ಹೋದವರಿಗೆ, ಇವರಿಗೇಕೆ ಉಪದೇಶ ಎಂದವರೂ ಅಲ್ಲಿದ್ದರು. ಕೆಡುಕನ್ನು ತಡೆದವರು ಪಾರಾದರು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅದು ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ. ನಾಡದೋಣಿಗಳಿಗೆ ವಿನಾಯಿತಿಯಿದೆ. ಇದು ಸರಕಾರದ ನಿಯಮ, ಶರೀಅತ್‌ನ ಶನಿವಾರವಲ್ಲ, ನಿಜ. ಆದರೆ ಮೀರುವವರ ವಾದ ಮಾತ್ರ ಆ ಊರಿನವರದ್ದೇ. 2017ರಲ್ಲಿ ಕೇಂದ್ರ ಸರಕಾರ ಲೈಟ್ ಫಿಶಿಂಗ್ ನಿಷೇಧಿಸಿತು. ಆದರೂ ರಾತ್ರಿ ದೀಪ ಉರಿಸಿ, ಮರಿಮೀನು ಸಹಿತ ಬಾಚಿಕೊಂಡು, 'ಬೆಳಕಿಗೆ ಅವೇ ಬಂದವು' ಎನ್ನುವವರಿದ್ದಾರೆ. ಅವರಲ್ಲಿ ನಮ್ಮವರು ಯಾರೂ ಇಲ್ಲವೆಂದು ಎದೆ ಮುಟ್ಟಿ ಹೇಳಲಾರೆವು.

ಹಿಂದೆ ಇದೇ ತೀರದಲ್ಲಿ ರಂಪಣಿ ಇತ್ತು. ಹಲವು ಮನೆಗಳ ಬಲೆಯ ತುಂಡುಗಳನ್ನು ಜೋಡಿಸಿದ ಒಂದೇ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಬೂತಾಯಿ, ಬಂಗುಡೆಯ ಹಿಂಡನ್ನು ಸುತ್ತುವರಿದು, ಊರವರೆಲ್ಲ ದಡದಲ್ಲಿ ನಿಂತು ಹಗ್ಗ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. ಮೀನು ದಡಕ್ಕೆ ಬರುವ ತನಕ ಕಾಯಬೇಕಿತ್ತು, ಅದೇ ಒಂದು ಮಿತಿಯಾಗಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಆಳದಲ್ಲೇ ಹಿಂಡನ್ನು ಸುತ್ತುವಾಗ ದಡದವರಿಗೆ ಉಳಿಯುವುದೇನು? ರಂಪಣಿ ಈಗ ಹಿರಿಯರ ಮಾತಿನಲ್ಲಷ್ಟೇ ಹೆಚ್ಚಾಗಿ ಸಿಗುತ್ತದೆ.

ಬೋಟಿನವರನ್ನಷ್ಟೇ ದೂರುವುದು ಸುಲಭ. ಅವರ ಮೀನು ತಿನ್ನುವವರು ನಾವು. ಬೆರಳುದ್ದದ ಬಂಗುಡೆ ಅಗ್ಗಕ್ಕೆ ಸಿಕ್ಕಿತೆಂದು ಎರಡು ಕಿಲೋ ಹೆಚ್ಚು ತರುವವರೂ ನಾವೇ. ಜೂನ್, ಜುಲೈಯಲ್ಲಿ ಮನೆಗೆ ಬರುವ ಮೀನು ನಾಡದೋಣಿಯದ್ದೋ, ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದೋ, ಕದ್ದು ಇಳಿದ ಬೋಟಿನದ್ದೋ ಎಂದು ಮಾರುವವರಲ್ಲಿ ಒಮ್ಮೆ ಕೇಳೋಣ. ಸರಿಯಾದ ಉತ್ತರ ಸಿಗದಿದ್ದರೆ ಆ ದಿನದ ಗಂಜಿಗೆ ಒಣಮೀನು ಸಾಕು.