ನಮ್ಮ ಸಂಪರ್ಕ ನಮ್ಮ ಕೈಯಲ್ಲಿರಲಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)

ಕಾರ್ಮಿಕ ಬಂಧುಗಳೇ,

ಭವಿಷ್ಯನಿಧಿಯ ಲೆಕ್ಕ ನೋಡಲು, ಊರಿನ ತಾಯಿಯ ಮುಖ ಕಾಣಲು ನಮಗೆ ಇಂಟರ್ನೆಟ್ ಬೇಕು. ಅದಕ್ಕಾಗಿ ಧಣಿಯ ಹೋಟೆಲಿನ ವೈಫೈಗೆ ಕೈಯೊಡ್ಡಿ, ಅವರ ಮರ್ಜಿ ಕಾಯುತ್ತ ಎಷ್ಟು ದಿನ ಇರೋಣ? ಸಂಘದ ಕಚೇರಿಯಲ್ಲಿ ಸಂಪರ್ಕವಿದೆ. ಓಣಿಯಾಚೆಯ ನಮ್ಮ ವಾಚನಾಲಯಕ್ಕೂ ಅದನ್ನು ಮುಟ್ಟಿಸೋಣ.

ಕೆಲಸ ಕಷ್ಟದ್ದಲ್ಲ. ಎರಡೂ ಕಟ್ಟಡಗಳ ಮಾಳಿಗೆಯ ಮೇಲೆ ಎದುರುಬದುರಾಗಿ ಒಂದೊಂದು ವೈರ್‌ಲೆಸ್ ಪೆಟ್ಟಿಗೆ ನಿಲ್ಲಿಸಬೇಕು. ನಡುವೆ ನೀರಿನ ಟಾಕಿಯಾಗಲಿ ತಗಡಾಗಲಿ ಅಡ್ಡ ಬರಬಾರದು. ಮಾಳಿಗೆಯಿಂದ ಕೆಳಗೆ ಕೇಬಲ್ ಇಳಿಸಿ, ತುದಿಗೆ ಆಕ್ಸೆಸ್ ಪಾಯಿಂಟ್ ಕೂರಿಸಬೇಕು. ಇಂಥ ತಾಮ್ರದ ಕೇಬಲಿಗೆ 100 ಮೀಟರು ಮಿತಿ.

2.4 ಗಿಗಾಹರ್ಟ್ಸ್ ಅಲೆ ಗೋಡೆಯನ್ನು ದಾಟಬಲ್ಲದು. ಆದರೆ ಚಾಳಿನಲ್ಲಿ ಅದರ ಗದ್ದಲ ಹೆಚ್ಚು. ಆದ್ದರಿಂದ ಅಕ್ಕಪಕ್ಕದ ಪೆಟ್ಟಿಗೆಗಳಿಗೆ 1, 6, 11 ಎಂದು ಬೇರೆ ಬೇರೆ ಚಾನೆಲ್ ಕೊಡಬೇಕು. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಆದರೆ ಗೋಡೆಯ ಮುಂದೆ ಬಲ ಕಡಿಮೆ. 2.4ರ ಪಟ್ಟಿಗೆ ಸರಕಾರ 2005ರಲ್ಲೇ ಲೈಸೆನ್ಸಿನ ಕಟ್ಟು ತೆಗೆದಿದೆ.

ಒಂದು ಎಚ್ಚರ: ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಅದರ ಜವಾಬ್ದಾರಿ ಇಬ್ಬರು ಸದಸ್ಯರ ಮೇಲಿರಲಿ.

ವಂತಿಗೆ ಕೂಡಿಸೋಣ, ಕೈ ಜೋಡಿಸೋಣ. ಸಂಘ ಬಾಳಲಿ!