ಮರವೆಯ ರೋಗಕ್ಕೆ ಕೈಗೆಲಸವೂ ಸಹವಾಸವೂ



ಮುಪ್ಪಿನಲ್ಲಿ ಬುದ್ಧಿಯು ತಪ್ಪುವುದನ್ನು ಲೋಕವು ‘ಅರಳುಮರಳು’ ಎಂದು ಕರೆದು, ವಯೋಧರ್ಮವೆಂದು ಸುಮ್ಮನಾಗುವುದುಂಟು. ಇದು ವಯೋಧರ್ಮವಲ್ಲ, ಮಿದುಳಿನ ವ್ಯಾಧಿ. ವೈದ್ಯರು ಡಿಮೆನ್ಷಿಯಾ ಎನ್ನುವ ಈ ವ್ಯಾಧಿಯ ಮುಖ್ಯ ಪ್ರಭೇದವೊಂದನ್ನು ಜರ್ಮನಿಯ ಆಲ್ಝೈಮರ್ ಎಂಬ ವೈದ್ಯನು 1906ರಲ್ಲಿ ವಿವರಿಸಿದನು. ಅದನ್ನು ನಿರ್ಮೂಲಗೊಳಿಸುವ ಔಷಧವು ಇನ್ನೂ ದೊರೆತಿಲ್ಲ.

ಮನೆಯವರನ್ನು ಕಂಗೆಡಿಸುವುದು ಮರವೆಗಿಂತಲೂ ಹೆಚ್ಚಾಗಿ ರೋಗಿಯ ಸಿಡುಕು, ಅಲೆದಾಟ, ಕೂಗಾಟ, ಒಡವೆ ಕಳವಾಯಿತೆಂಬ ಸಂಶಯ. ಇವೆಲ್ಲವೂ ವ್ಯಾಧಿಯೊಂದರಿಂದಲೇ ಹುಟ್ಟುವುವೆಂದು ಭಾವಿಸುವುದು ಸರಿಯಲ್ಲ. ನೋವು, ಹಸಿವು, ಗದ್ದಲಗಳಂತೆಯೇ ಒಂಟಿತನವೂ ಬರಿದೆ ಕುಳಿತಿರುವುದೂ ಅವನ್ನು ಕೆರಳಿಸುವುವು. ಬಾಯಿಂದ ಹೇಳಲಾರದ ಸಂಕಟವನ್ನು ರೋಗಿಯು ನಡತೆಯಿಂದ ತೋರುವನು.

ಗಳಿಗೆಯಲ್ಲಿ ಮರೆಯುವವನೊಡನೆ ಒಳ್ಳೆಯ ಮಾತಾಡಿ ಫಲವೇನೆಂದು ಕೇಳುವವರುಂಟು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಪಂಡಿತರು 2014ರಲ್ಲಿ ಪ್ರಕಟಿಸಿದ ಶೋಧನೆಯು ಇದಕ್ಕೆ ಉತ್ತರವಾಗಿದೆ. ಅವರು 17 ಮಂದಿ ಆಲ್ಝೈಮರ್ ರೋಗಿಗಳಿಗೆ ದುಃಖದ ಚಲಚ್ಚಿತ್ರಗಳನ್ನೂ ಸಂತೋಷದ ಚಲಚ್ಚಿತ್ರಗಳನ್ನೂ ತೋರಿಸಿದರು. ಕಂಡುದನ್ನು ರೋಗಿಗಳು ಬಹುಬೇಗ ಮರೆತರು. ಹುಟ್ಟಿದ ಭಾವಗಳು ಮಾತ್ರ ಉಳಿದುವು. ಅಷ್ಟೇ ಅಲ್ಲ, ನೆನಪು ಕಡಿಮೆಯಾದಷ್ಟೂ ದುಃಖವು ಹೆಚ್ಚು ಹೊತ್ತು ನಿಂತಿತು. ಮನೆಯಲ್ಲಿ ಆಡಿದ ಬಿರುನುಡಿಯನ್ನು ಮುದುಕರು ಮರೆತರೆಂದು ಸಮಾಧಾನಪಡುವಂತಿಲ್ಲ.

ಕೈಗೆ ರೂಢಿಯಾದ ಕೆಲಸವೂ ಹೀಗೆಯೇ ಬಹುಕಾಲ ಉಳಿಯುವುದುಂಟು. ಮಗನ ಹೆಸರನ್ನು ಮರೆತ ತಾಯಿಯು ಅವರೆಕಾಯಿ ಸುಲಿಯಬಲ್ಲಳು, ಹೂ ಕಟ್ಟಬಲ್ಲಳು. ಕಾಳಿನೊಡನೆ ಸಿಪ್ಪೆ ಸೇರಿದರೆ ಸೇರಲಿ; ಇಲ್ಲಿ ಕೆಲಸದ ಅಚ್ಚುಕಟ್ಟನ್ನು ನೋಡಬಾರದು. ಆದರೆ ಕೆಲಸವು ಆಯಾ ವ್ಯಕ್ತಿಗೆ ತಕ್ಕುದಾಗಿರಬೇಕು. ಜೀವಮಾನವೆಲ್ಲ ಲೆಕ್ಕ ಬರೆದವರ ಮುಂದೆ ಮಕ್ಕಳ ಆಟಿಕೆಯನ್ನಿಟ್ಟರೆ ಅವಮಾನವೇ ಸರಿ. ಸಹವಾಸವೆಂದರೆ ಜನಸಂದಣಿಯೂ ಅಲ್ಲ. ಇಂಥ ಮಹೋತ್ಸವದ ಗದ್ದಲಕ್ಕೆ ಅವರನ್ನು ಕರೆತಂದರೆ ಕಳವಳವು ಹೆಚ್ಚಲೂಬಹುದು.

ಎಷ್ಟು ಸಹವಾಸವು ಬೇಕು? ಬ್ರಿಟನ್ನಿನ 69 ಶುಶ್ರೂಷಾಗೃಹಗಳಲ್ಲಿ 847 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೋಗಿಯ ಸ್ವಭಾವವನ್ನರಿತು ಆರೈಕೆ ಮಾಡುವಂತೆ ಸಿಬ್ಬಂದಿಗೆ ಶಿಕ್ಷಣವಿತ್ತು, ವಾರಕ್ಕೆ ಒಂದು ಗಂಟೆಯ ಹಿತವಾದ ಸಲ್ಲಾಪವನ್ನೂ ಸೇರಿಸಿದರು. ರೋಗಿಗಳ ಕಳವಳವು ತಗ್ಗಿತು, ಬಾಳು ಹಸನಾಯಿತು. ಇದಕ್ಕೆ ಮುಂಚೆ 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಹವಾಸವನ್ನು ಒದಗಿಸದೆ ಉನ್ಮಾದಶಾಮಕ ಔಷಧಗಳನ್ನು ಮಾತ್ರ ಮರುಪರಿಶೀಲಿಸಿ ಇಳಿಸಿದೆಡೆ ವಿಕಾರಗಳು ಉಲ್ಬಣಿಸಿದುವು. ಔಷಧದ ವಿಚಾರವು ವೈದ್ಯರಿಗೆ ಸೇರಿದುದು. ವಾರದ ಆ ಒಂದು ಗಂಟೆಯನ್ನಾದರೋ ಹಗಲಿರುಳು ಶುಶ್ರೂಷೆಯಿಂದ ಬಳಲಿದ ಸೊಸೆಯ ತಲೆಗೇ ಕಟ್ಟದೆ, ನೆರೆಯವರೂ ಬಂಧುಗಳೂ ಸರದಿಯಿಂದ ಬಂದು ಕುಳಿತು ನಡೆಸಬಹುದು.