ಉಸಿರು ಎಣಿಸುವ ಕೈ



ಶರಾವತಿಗೆ ಸೇತುವೆ ಆಯ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಹಿನ್ನೀರು ನಿಂತ ಮೇಲೆ ಸಿಗಂದೂರು, ತುಮರಿ ಕಡೆಯ ಜನ ಸಾಗರಕ್ಕೆ ಬರಲು ಲಾಂಚ್ ಕಾಯುತ್ತಾ ಕೂತರು. ಲಾಂಚ್ ನಿಂತ ಮೇಲೆ ಮಗುವಿಗೆ ಉಸಿರು ಕಟ್ಟಿದರೆ ಕಾಡು ಸುತ್ತಿ ಹೋಗಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಸೇತುವೆ ತೆರೆಯಿತು. ಸಂತೋಷವೇ. ಆದ್ರೆ ಮಗುವನ್ನು ಎತ್ತಿಕೊಂಡು ಯಾವಾಗ ಹೊರಡಬೇಕು ಅಂತ ಸೇತುವೆ ಹೇಳೋದಿಲ್ಲ. ಅದನ್ನು ಕೇರಿಯಲ್ಲಿರುವ ನಾವೇ ಕಲಿಯಬೇಕು.

ಮಗು ಅಳದೆ ಇರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸೋಣ. ಎರಡು ತಿಂಗಳು ತುಂಬದ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದವರೆಗೆ 40. ಅಷ್ಟಾದರೂ, ಅದನ್ನು ಮೀರಿದರೂ ಅದು ಬರೀ ನೆಗಡಿ ಅಲ್ಲ, ನ್ಯುಮೋನಿಯ ಇರಬಹುದು. ಅವತ್ತೇ ತೋರಿಸಬೇಕು. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಮೊಲೆ ಕುಡಿಯದಿದ್ದರೆ, ಮಂಪರು ಕವಿದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಅನ್ನೋದು ಬೇಡ, 108ಕ್ಕೆ ಫೋನ್ ಮಾಡಬೇಕು. ಬರೆ ಹಾಕೋದಂತೂ ಬೇಡವೇ ಬೇಡ. ಅದು ಆಸ್ಪತ್ರೆ ಬಾಗಿಲು ನಮಗೆ ಮುಚ್ಚಿದ್ದ ಕಾಲದ ಮದ್ದು. ಸುಟ್ಟ ಗಾಯ ಕೀವಾಗುತ್ತೆ, ಎದೆಯ ರೋಗ ಹಾಗೇ ಉಳಿಯುತ್ತೆ. ದಾರಿಯಲ್ಲಿ ತಲೆ ಎತ್ತರಕ್ಕೆ ಬರುವಂತೆ ತೊಡೆ ಮೇಲೆ ಒರಗಿಸಿಕೊಳ್ಳಿ. ಏದುಸಿರು ಬಿಡುವ ಬಾಯಿಗೆ ಹಾಲು ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರು ಔಷಧಿ ಬರೆದು ಹೋಗ್ತಾರೆ. ರಾತ್ರಿಯೆಲ್ಲ ಕಾಯೋದು ನರ್ಸಮ್ಮ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ ಆಕ್ಸಿಜನ್ ಕೊಡಲೇಬೇಕು. ಸಿಂಬಳ ಕಟ್ಟಿ ಮೂಗಿನ ಕೊಳವೆ ಮುಚ್ಚಿದೆಯೇ ಅಂತ ಮತ್ತೆ ಮತ್ತೆ ನೋಡಬೇಕು, ಮೂಗು ಒರೆಸಬೇಕು, ಉಸಿರು ಮತ್ತೆ ಎಣಿಸಬೇಕು, ಸುಧಾರಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಹಾಲು ಕುಡಿಸಬೇಕು. ಇದೆಲ್ಲ ಮುಟ್ಟಿ ಮಾಡುವ ಕೆಲಸ. ದೂರ ನಿಂತು ಆಗೋದಲ್ಲ.

ನಾವು ಒತ್ತಿ ಹೇಳೋದು ಇದನ್ನೇ. ಗುಜರಾತ್, ರಾಜಸ್ಥಾನದ ಹಳ್ಳಿಗಳ ದಲಿತ ಮಕ್ಕಳ ಬಗ್ಗೆ 2010ರಲ್ಲಿ ಬಂದ ಅಧ್ಯಯನವೊಂದು, ಔಷಧಿ ಕೊಡುವಾಗಲೂ ಮಗುವನ್ನು ಮುಟ್ಟದ ಆರೋಗ್ಯ ಕಾರ್ಯಕರ್ತರ ಬಗ್ಗೆ ಹೇಳಿತು. ಮುಟ್ಟದ ಕೈ ಉಸಿರಿನ ಗುಳಿ ಕಾಣೋದು ಹೇಗೆ? ನಮ್ಮ ಕೇರಿಗೆ ಬಂದವರು ಅಂಗಳದಲ್ಲೇ ನಿಂತು ಸಿರಪ್ಪು ಕೊಟ್ಟು ಹೋದರೆ ಸುಮ್ಮನಿರಬಾರದು. ಒಳಗೆ ಕರೆಯೋಣ. ಅಂಗಿ ಎತ್ತಿ ನೋಡಿ ಅನ್ನೋಣ. ಗಡಿಯಾರ ಹಿಡಿದು ಪಕ್ಕದಲ್ಲೇ ಕೂರೋಣ.

ಆರೋಗ್ಯ ಕೇಂದ್ರದಲ್ಲೂ ಕೇಳೋದಿದೆ: ಮಕ್ಕಳ ಬೆರಳಿಗೆ ಹೊಂದುವ ಆಕ್ಸಿಮೀಟರ್ ಇದೆಯೇ? ಸಿಲಿಂಡರ್ ತುಂಬಿದೆಯೇ? ರಾತ್ರಿ ಯಾರಿರ್ತಾರೆ? ನ್ಯುಮೋಕಾಕಲ್ ಲಸಿಕೆ 2021ರಲ್ಲಿ ದೇಶದಾದ್ಯಂತ ಸರ್ಕಾರಿ ಪಟ್ಟಿಗೆ ಸೇರಿತು, ದುಡ್ಡಿಲ್ಲದೆ ಸಿಗುತ್ತೆ. ಆರು ವಾರಕ್ಕೊಂದು, ಹದಿನಾಲ್ಕು ವಾರಕ್ಕೊಂದು, ಒಂಬತ್ತು ತಿಂಗಳಿಗೊಂದು. ಇವತ್ತು ಸಭೆ ಮುಗಿಸಿ ಮನೆಗೆ ಹೋದವರು ಮೊದಲು ತಾಯಿ ಕಾರ್ಡು ತೆಗೆದು, ಆ ಮೂರೂ ಬಿದ್ದಿವೆಯೇ ನೋಡಿ.